ರಟ್ಟಿನ ಬಿಲ್ಲೆಯ ಮೂರು ಗೆರೆ

ನನ್ನ ಖಾನಾವಳಿಯಲ್ಲಿ ಕಾರ್ಡು ನಡೆಯುವುದಿಲ್ಲ. ಜರ್ಮನಿಯ ಬವೇರಿಯಾದ ಈ ಹಳ್ಳಿಯಲ್ಲಿ ನನ್ನತ್ತೆ ವ್ಯಾಪಾರ ನಡೆಸಿದ್ದೂ ನಗದಿನ ಮೇಲೆ, ನಾನು ನಡೆಸುತ್ತಿರುವುದೂ ನಗದಿನ ಮೇಲೆ. ಉಂಡು, ಕುಡಿದು, ದುಡ್ಡು ಕೊಟ್ಟು ಏಳಬೇಕು. ಇವತ್ತು ಹೊಟ್ಟೆಗೆ ಹಾಕಿಕೊಂಡು ತಿಂಗಳ ಕೊನೆಗೆ ತೀರಿಸುವುದನ್ನು ಪಟ್ಟಣದವರು ಏನೆಂದು ಕರೆಯುತ್ತಾರೋ ಕಾಣೆ, ನಾನದನ್ನು ಸಾಲ ಎನ್ನುತ್ತೇನೆ. ಈ ವಿಷಯದಲ್ಲಿ ನನ್ನ ಬಾಯಿ ಸ್ವಲ್ಪ ಜೋರು, ಊರಿಗೇ ಗೊತ್ತು.

ನೆವಿಲ್‌ನನ್ನೂ ಹೀಗೇ ಗದರಿದ್ದೆ. ನಮ್ಮ ಚರ್ಚಿನ ಆರ್ಗನ್ ವಾದ್ಯ ರಿಪೇರಿ ಮಾಡಲು ಇಂಗ್ಲೆಂಡಿನಿಂದ ಬಂದವನು, ಮೊದಲ ದಿನ ಊಟ ಮುಗಿಸಿ ಕಾರ್ಡು ಚಾಚಿದ. "ಇದ್ರಲ್ಲಿ ಬ್ರೆಡ್ಡಿಗೆ ಬೆಣ್ಣೆ ಹಚ್ಬಹುದು ಕಣಪ್ಪ, ಬೇರೇನೂ ಆಗಲ್ಲ," ಎಂದೆ. ಬಿದ್ದು ಬಿದ್ದು ನಕ್ಕ. ಆಮೇಲೆ ಊರು ಬಿಟ್ಟು ಹೋಗಲೇ ಇಲ್ಲ. ಬರಬರುತ್ತಾ ನಮಗಿಂತ ಹೆಚ್ಚು ನಮ್ಮವನಾದ; ಜೇಬಿನಲ್ಲಿ ಚರ್ಮದ ಚೀಲ, ಅದರ ತುಂಬ ಚಿಲ್ಲರೆ. ಒಂದೊಂದು ಬಿಯರಿಗೂ ಲೋಟದ ಕೆಳಗಿನ ರಟ್ಟಿನ ಬಿಲ್ಲೆಯ ಮೇಲೆ ನಾನೊಂದು ಪೆನ್ಸಿಲ್ ಗೆರೆ ಎಳೆಯುತ್ತಿದ್ದೆ. ಏಳುವ ಮೊದಲು ಅವನು ಗೆರೆ ಎಣಿಸಿ ಕೊಡುತ್ತಿದ್ದ.

ಒಂದೇ ಒಂದು ಸಂಜೆ ಕೊಡಲಿಲ್ಲ. ಎದೆ ಹಿಡಿದುಕೊಂಡು ಎದ್ದು, "ನಾಳೆ ಕೊಡ್ತೀನಿ ಬುರ್ಗಿ," ಎಂದು ಮನೆಗೆ ಹೋದ. ಬೆಳಿಗ್ಗೆ ಅವನು ಏಳಲಿಲ್ಲ. ಮೂರು ಗೆರೆಯ ಆ ಬಿಲ್ಲೆಯನ್ನು ಎಸೆಯಲು ನನಗೆ ಕೈ ಬರಲಿಲ್ಲ. ಗಲ್ಲೆಯ ಹಿಂದೆ ಲೋಟಗಳ ಸಾಲಿಗೆ ಒರಗಿಸಿಟ್ಟೆ.

ಮಣ್ಣಿಗೆ ಅವನ ಅಕ್ಕ ಬೆರಿಲ್ ಬಂದಳು. ಅವನಿಗೆ ಇದ್ದದ್ದು ಅವಳೊಬ್ಬಳೇ. ತಾಯಿಯ ಮನೆ ಮಾರುವಾಗ ಜಗಳವಾಗಿ ಇಬ್ಬರೂ ಮಾತು ಬಿಟ್ಟಿದ್ದರು. ಮಣ್ಣಾದ ಮೇಲಿನ ಊಟ ನನ್ನ ಖಾನಾವಳಿಯಲ್ಲಿ. ಸ್ಮಶಾನದಿಂದ ಎಲ್ಲರಿಗಿಂತ ಮೊದಲು ನಡೆದು ಬಂದು ಗಲ್ಲೆಯ ಮೇಲೆ ಕಾರ್ಡಿಟ್ಟಳು.

"ಇದು ನಿಮ್ಮ ಹತ್ರಾನೇ ಇರ್ಲಿ. ಯಾರು ಏನು ಕೇಳಿದ್ರೂ ಕೊಡಿ. ಅಮ್ಮ ಹೋದಾಗ ನನ್ನ ಕೈ ಖಾಲಿ ಇತ್ತು, ಬಂದೋರಿಗೆಲ್ಲ ಉಣಿಸಿದ್ದು ಅವನು. ನಾನೊಂದು ಒಳ್ಳೇ ಮಾತೂ ಆಡ್ಲಿಲ್ಲ. ಇವತ್ತಿಂದು ನಂದು."

ನೆವಿಲ್ ಕಲಿಸಿದ್ದ ಅರ್ಧಂಬರ್ಧ ಇಂಗ್ಲಿಷಿನಲ್ಲಿ ಇಷ್ಟು ತಿಳಿಯಿತು. ಯಜಮಾನಿಕೆ ತನ್ನದೆಂದು ತೋರಿಸಲು ಇಟ್ಟಿದ್ದಾಳೆ, ದುಡ್ಡು ಆಮೇಲೆ ಎಣಿಸುತ್ತಾಳೆ ಎಂದುಕೊಂಡು ಕಾರ್ಡನ್ನು ಚಮಚಗಳ ಡ್ರಾಯರಿಗೆ ಹಾಕಿದೆ. ಅವರ ಕಡೆ ಸಾವಿನ ಮನೆಯವರು ಹೀಗೆ ಗಲ್ಲೆಯ ಹಿಂದೆ ಕಾರ್ಡು ಕೊಟ್ಟರೆ ಮುಗಿಯಿತಂತೆ, ಕೊನೆಗೆ ಹೋಟೆಲಿನವರೇ ಅದರಿಂದ ಹಣ ಎಳೆದುಕೊಳ್ಳುತ್ತಾರಂತೆ. ನನಗೆ ಹೇಗೆ ಗೊತ್ತಾಗಬೇಕು? ನಗದು ಮಾತ್ರ ಎಂಬ ಬಾಗಿಲ ಫಲಕ ಜರ್ಮನ್ನಿನಲ್ಲಿತ್ತು, ಅವಳಿಗಾದರೂ ಹೇಗೆ ಗೊತ್ತಾಗಬೇಕು?

ಬಿಸಿ ಸಾರು, ಬೇಯಿಸಿದ ದನದ ಮಾಂಸ, ಖಾರದ ಗೆಡ್ಡೆಯ ತುರಿ, ಬಿಯರ್. ಚರ್ಚಿನ ಗಂಟೆ ಹೊಡೆಯುವ ಮುದುಕ ಅಲೋಯಿಸ್ ಎದ್ದು ನಿಂತು, ಆರ್ಗನ್ನಿನ ಕೊಳವೆಯೊಳಗೆ ನೆವಿಲ್‌ನ ತಲೆ ಸಿಕ್ಕಿಹಾಕಿಕೊಂಡ ಕತೆ ಹೇಳಿದ. ಎಲ್ಲರೂ ನಕ್ಕರು, ಬೆರಿಲ್ ಅಳುತ್ತಲೇ ನಕ್ಕಳು. ತಮ್ಮನಿಗೆ ಇಷ್ಟು ಜನರಿದ್ದರೆಂದು ಆವತ್ತೇ ಅವಳಿಗೆ ಗೊತ್ತಾದದ್ದು.

ಅವಳ ಬಸ್ಸಿಗೆ ಹೊತ್ತಾಗುತ್ತಾ ಬಂತು. ಲೆಕ್ಕ ಹೇಳಿದೆ.

"ಕಾರ್ಡು ನಿಮ್ಮ ಹತ್ರಾನೇ ಇದೆಯಲ್ಲ," ಎಂದಳು.

"ಕಾರ್ಡಿದೆ ತಾಯಿ. ದುಡ್ಡೆಲ್ಲಿ?"

ಅವಳು ಪರ್ಸ್ ತೆರೆದು ತೋರಿಸಿದಳು. ಬಸ್ ಚಾರ್ಜಿಗಾಗುವಷ್ಟಿತ್ತು. ನನ್ನಲ್ಲಿ ಕಾರ್ಡು ಉಜ್ಜುವ ಯಂತ್ರವಿಲ್ಲ. ಊರಿನ ಬ್ಯಾಂಕು ಬಾಗಿಲು ಹಾಕಿ ಎಷ್ಟೋ ವರ್ಷವಾಗಿತ್ತು. ಅವಳ ಮುಖ ಬಿಳಿಚಿಕೊಂಡಿತು.

ಅಲೋಯಿಸ್ ಒಳ್ಳೆಯ ಮನಸ್ಸಿನಿಂದಲೇ ಚೀಲ ತೆಗೆದ. "ಅದಕ್ಯಾಕೆ ಗಲಾಟೆ ಬುರ್ಗಕ್ಕ? ಅವರವರದ್ದು ಅವರವರು ಕೊಟ್ರಾಯ್ತು." ನಮ್ಮಲ್ಲಿ ಇದು ದಿನದ ರೂಢಿ, ಯಾರೂ ಏನೂ ಅಂದುಕೊಳ್ಳುವುದಿಲ್ಲ. ಮೇಜುಮೇಜಿನಿಂದಲೂ ಚಿಲ್ಲರೆಯ ಸದ್ದು ಎದ್ದಿತು.

"ಬೇಡ! ದಯವಿಟ್ಟು ಬೇಡ," ಎಂದು ಬೆರಿಲ್ ಚೀರಿದಳು. "ಅವನಿಗೆ ಯಾರೂ ಇರ್ಲಿಲ್ಲ ಅಂತಾಗುತ್ತೆ."

ಸಂಕಟವಾದರೆ ನನಗೆ ಬರುವುದು ಸಿಟ್ಟೇ. "ಎಲ್ರೂ ಚೀಲ ಒಳಗಿಡ್ರೋ!" ಎಂದು ಕೂಗಿದೆ. "ಈ ಊಟ ನೆವಿಲ್‌ನ ಅಕ್ಕಂದು."

ಅಳಿಯ ಸೆವೆರಿನ್ ಕಿವಿಯ ಹತ್ತಿರ ಬಂದು, "ಅತ್ತೆ, ನಮ್ಮ ಬ್ಯಾಂಕ್ ಖಾತೆ ನಂಬರ್ ಕೊಟ್ಟುಬಿಡಿ. ಅಲ್ಲಿಂದಲೇ ಕಳಿಸ್ತಾರೆ," ಎಂದ. ಬುದ್ಧಿವಂತನ ಮಾತೇ. ಆದರೆ ಹಾಗೆ ಕಳಿಸಿದರೆ ಕೂತಲ್ಲೇ ಎಲ್ಲ ಮುಗಿದುಹೋಗುತ್ತದೆ, ಇವಳು ಮತ್ತೆ ಈ ಕಡೆ ತಲೆ ಹಾಕುವುದಿಲ್ಲ. ಸತ್ತ ಆರು ವಾರಕ್ಕೆ ಚರ್ಚಿನಲ್ಲಿ ಮಾಡುವ ಪೂಜೆಗೆ ಮನೆಯವರ ಕಡೆಯಿಂದ ಮುಂದಿನ ಬೆಂಚಿನಲ್ಲಿ ಕೂರುವವರು ಯಾರು? ಗೋರಿಯ ಮೇಲೆ ಗಿಡ ನೆಡುವವರು ಯಾರು?

ಡ್ರಾಯರಿನಿಂದ ಕಾರ್ಡು ತೆಗೆದು ಅವಳ ಕೈಗಿಟ್ಟೆ. "ಆರು ವಾರದ ಪೂಜೆಗೆ ಬನ್ನಿ. ಆಗ ನಿಮ್ಮ ಕೈಯಾರೆ ಕೊಡಿ. ಅಲ್ಲೀವರೆಗೆ ಸಾಲ."

ನನ್ನ ಬಾಯಲ್ಲಿ ಆ ಮಾತು ಕೇಳಿ ಎಲ್ಲರೂ ನನ್ನ ಕಡೆ ತಿರುಗಿದರು.

ಮರುದಿನದಿಂದಲೇ ಅಲೋಯಿಸ್ ಶುರುಮಾಡಿದ. "ಬುರ್ಗಕ್ಕ, ನಂಗೂ ಒಂದು ಬಿಯರ್ ಸಾಲ ಕೊಡ್ತೀಯಾ? ಇಂಗ್ಲಿಷ್ ಕಲ್ತ್ಕೊಂಡು ಬರ್ಲಾ?" ಬೈದು ಕಳಿಸಿದೆ. ರಾತ್ರಿ ಮಾತ್ರ ನನಗೂ ಅಳುಕು. ದುಡ್ಡು ಹೋದರೆ ಹೋಗಲಿ, ಅವಳು ಬಾರದಿದ್ದರೆ ನೆವಿಲ್‌ಗೆ ಏನು ಹೇಳಲಿ ಎಂದು ಹುಚ್ಚಿಯ ಹಾಗೆ ಯೋಚಿಸುತ್ತಿದ್ದೆ.

ಅವಳು ಬಂದಳು. ಹಿಮ ಬೀಳುತ್ತಿತ್ತು. ಪೂಜೆಯಲ್ಲಿ ಮುಂದಿನ ಬೆಂಚಿನಲ್ಲಿ ಒಬ್ಬಳೇ ನೆಟ್ಟಗೆ ಕೂತಳು. ಆಮೇಲೆ ಗೋರಿಯ ಮೇಲಿನ ಹಿಮ ಸರಿಸಿ, ಚಳಿ ತಾಳುವ ಹೂಗಿಡ ಇಟ್ಟಳು. ಖಾನಾವಳಿಗೆ ಬಂದವಳು ಕೋಟು ಬಿಚ್ಚುವ ಮೊದಲೇ ಲಕೋಟೆ ತೆಗೆದು ನೋಟುಗಳನ್ನು ಒಂದೊಂದಾಗಿ ಗಲ್ಲೆಯ ಮೇಲೆ ಇಟ್ಟಳು. ಇಟ್ಟು ಮುಗಿದ ಮೇಲೆ ಉಸಿರು ಬಿಟ್ಟು, "ಈಗ ಸಮ ಆಯ್ತು," ಎಂದಳು.

ಹಾಗೆನ್ನುವಾಗಲೇ ಅವಳ ಕಣ್ಣು ನನ್ನ ಹಿಂದಿನ ಬಿಲ್ಲೆಯ ಮೇಲೆ ಬಿತ್ತು. "ಅದ್ಯಾರದು?"

ಸುಳ್ಳು ಹೇಳಬಹುದಿತ್ತು, ನಾಲಿಗೆ ಏಳಲಿಲ್ಲ. "ಅವನದೇ. ಕೊನೇ ಸಂಜೆಯ ಬಿಯರಿನ ಲೆಕ್ಕ."

ಅವಳು ಮೂರೂ ಗೆರೆ ಎಣಿಸಿದಳು. ಮತ್ತೆ ಪರ್ಸಿಗೆ ಕೈ ಹಾಕಿ ನಾಣ್ಯಗಳನ್ನು ತೆಗೆದಳು. ನಾನು ಅವಳ ಕೈಯನ್ನು ನಾಣ್ಯಗಳ ಸಮೇತ ಮುಚ್ಚಿ ಹಿಡಿದೆ. ನನ್ನ ಕಣ್ಣು ಆಗಲೇ ಮಂಜಾಗಿತ್ತು.

"ಬೇಡ ಬೆರಿಲ್," ಎಂದೆ. "ಅದನ್ನ ನಾಳೆ ಕೊಡ್ತೀನಿ ಅಂದಿದ್ದಾನೆ."