ಬಿಡದ ಬ್ರೇಕು

ವಾಸನೆ, ಎಲ್ಲಿಂದ ಈ ವಾಸನೆ, ಕಂಬಳಿಯ ಅಂಚಿಗೆ ಕೆಂಡ ತಾಕಿದಂಥದ್ದು — ಯಾರೋ ಬದುವಿನ ಹುಲ್ಲು ಸುಡುತ್ತಿರಬೇಕು, ಇಲ್ಲ, ಹೊಗೆ ಎಲ್ಲೂ ಕಾಣುತ್ತಿಲ್ಲ, ರಸ್ತೆಯ ಎರಡು ಕಡೆಯೂ ಹೊಗೆಸೊಪ್ಪು ಹಸಿರಾಗಿ ನಿಂತಿದೆ, ವಾಸನೆ ನನ್ನ ಜೊತೆಗೇ ಬರುತ್ತಿದೆ, ಮೂರು ಮೈಲಿಯಿಂದ ಬರುತ್ತಿದೆ, ಗೊತ್ತಿದ್ದೂ ಗೊತ್ತಿಲ್ಲದವನ ಹಾಗೆ ಕೂತಿದ್ದೇನೆ, ಎರಡನೇ ಗೇರಿನಲ್ಲೂ ಕಾರು ಏದುತ್ತಿದೆ, ಕಾಲು ತೆಗೆದರೆ ಸಾಕು ಅಲ್ಲೇ ನಿಂತುಬಿಡುತ್ತದೆ. ಹುಣಸೂರು ಬಿಟ್ಟು ಆರು ಮೈಲಿ, ವೀರನಹೊಸಹಳ್ಳಿಗೆ ಇನ್ನೂ ನಾಲ್ಕು, ಅಲ್ಲಿ ನಮ್ಮ ಮನೆಯ ಒಳಕೋಣೆಯಲ್ಲಿ ಮಗಳು ಪುಟ್ಟಲಕ್ಷ್ಮಿ ಚೊಚ್ಚಲು ಹೆರಿಗೆಗೆ ನಿನ್ನೆ ಬೆಳಗ್ಗೆಯಿಂದ ನೋವು ತಿನ್ನುತ್ತಿದ್ದಾಳೆ, ಪಕ್ಕದ ಮನೆಯ ಕರಿಯಯ್ಯ ಇವತ್ತು ಬೆಳಗ್ಗೆ ಹುಣಸೂರಿಗೆ ಸೈಕಲ್ ತುಳಿದುಕೊಂಡು ಬಂದು, ಸೂಲಗಿತ್ತಿ ಕೈಲಾಗಕ್ಕಿಲ್ಲ ಅಂದ್ಬುಟ್ಲು ಕಣ್ಲಾ ಚಿಕ್ಕಣ್ಣ, ಆಸ್ಪತ್ರೆ ನರ್ಸಮ್ಮುನ್ನ ಕರ್ಕಂಡು ಬಾ, ಎಂದಾಗ ನಾನು ಯಜಮಾನರ ಕಾರು ಒರೆಸುತ್ತಿದ್ದೆ, ಯಜಮಾನರು ನೀಲಕಂಠಸ್ವಾಮಿ, ಹೊಗೆಸೊಪ್ಪಿನ ವ್ಯಾಪಾರಿ, ನಾನು ಬಾಯಿ ತೆರೆಯುವ ಮೊದಲೇ ಕಾರು ತಗೊಂಡು ಹೋಗು ಎಂದರು, ನರ್ಸಮ್ಮ ಸುನಂದಮ್ಮ ಇನ್ನೊಂದು ಹೆರಿಗೆ ಮುಗಿಸಿ ಬರುವಷ್ಟರಲ್ಲಿ ಮಧ್ಯಾಹ್ನ, ಈಗ ಹಿಂದಿನ ಸೀಟಿನಲ್ಲಿ ಚರ್ಮದ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾರೆ, ಏನಪ್ಪಾ ಚಿಕ್ಕಣ್ಣ, ಏನೋ ಸುಡ್ತಾ ಇದೆಯಲ್ಲ ಎನ್ನುತ್ತಾರೆ, ಏನಿಲ್ಲ ಅಮ್ಮಾವ್ರೆ ಎನ್ನುತ್ತೇನೆ, ಅಷ್ಟರಲ್ಲಿ ಬಾನೆಟ್ಟಿನ ಪಕ್ಕದಿಂದ ನೀಲಿ ಹೊಗೆ.

ನಿಲ್ಲಿಸಿದೆ, ನಿಲ್ಲಿಸುವುದೇನು ಬಂತು, ಅದೇ ನಿಂತಿತು. ಇಳಿಜಾರು, ನ್ಯೂಟ್ರಲ್ಲಿಗೆ ಹಾಕಿದರೆ ತಾನಾಗಿ ಉರುಳಬೇಕು, ಒಂದಂಗುಲ ಅಲುಗಲಿಲ್ಲ, ಹ್ಯಾಂಡ್ ಬ್ರೇಕು ಮರೆತೆನೇ, ಇಲ್ಲ, ಪೂರ್ತಿ ಕೆಳಗಿದೆ, ಹಾಗಾದರೆ ಚಕ್ರ — ಒಂದೇ ಚಕ್ರ ಕಾದಿದ್ದರೆ ತೊಂದರೆ ಆ ಚಕ್ರದ್ದು, ನಾಲ್ಕೂ ಕಾದಿದ್ದರೆ ಬುಡದ್ದು, ಪೆಡಲಿನ ಕಡೆಯದ್ದು, ಹಾಗೆ ಹೇಳಿಕೊಟ್ಟವನು ಹುಣಸೂರಿನ ಗ್ಯಾರೇಜಿನ ಮೇಸ್ತ್ರಿ ಮಹದೇವಪ್ಪ, ಮುಂದಿನ ಎಡಗಡೆಯ ಚಕ್ರಕ್ಕೆ ಕೈ ಹತ್ತಿರ ಒಯ್ದರೆ ಒಲೆಯ ಬಾಯಿಯ ಶಾಖ, ಬಲಗಡೆಯದ್ದೂ, ಹಿಂದಿನ ಎರಡೂ, ದೇವರೇ, ಯಾವುದಾದರೂ ಒಂದು ತಣ್ಣಗಿರಬಾರದಿತ್ತೇ. ಪೆಡಲು ಒತ್ತಿ ನೋಡಿದೆ, ಎರಡಂಗುಲ ಹಗುರವಾಗಿ ಇಳಿಯಬೇಕಾದ್ದು ಮುಟ್ಟಿದ ಕೂಡಲೇ ಕಲ್ಲು. ಹಿಂದಿನ ಚಕ್ರಗಳಿಗೆ ಕಲ್ಲು ಒಡ್ಡಿ, ಜಾಕಿ ಕೊಟ್ಟು ಮುಂದಿನ ಚಕ್ರ ಎತ್ತಿ ಎರಡು ಕೈಯಲ್ಲಿ ತಿರುಗಿಸಿದೆ, ತಿರುಗದು, ಅಡಿಗೆ ನುಗ್ಗಿ ಚಕ್ರದ ಹಿಂಬದಿಯಲ್ಲಿ ಆಯಿಲು ಹೊರಬಿಡುವ ನಿಪ್ಪಲ್ಲಿಗೆ ಸ್ಪ್ಯಾನರ್ ಹಾಕಿದೆ, ಬೆರಳು ಚುರ್ ಎಂದಿತು, ಸುಡಲಿ, ಅರ್ಧ ಸುತ್ತು ಬಿಚ್ಚಿದ್ದೇ ಆಯಿಲ್ ಚಿಮ್ಮಿ ಮುಖಕ್ಕೆ ಬಡಿಯಿತು, ಚಕ್ರ ಗಿರ್ರನೆ ತಿರುಗಿತು. ತಿರುಗಿದ್ದಕ್ಕೆ ಸಂತೋಷ ಪಡುವಂತಿಲ್ಲ, ಅಂದರೆ ಬ್ರೇಕು ಒತ್ತಿದಾಗ ಚಕ್ರಕ್ಕೆ ಹೋದ ಆಯಿಲು ಹಿಂದಕ್ಕೆ ಬರುತ್ತಿಲ್ಲ, ಬರುವ ಸಣ್ಣ ತೂತು ಮುಚ್ಚಿಕೊಂಡಿದೆ, ಅದು ಯಾಕೆ ಮುಚ್ಚಿತು ಎಂದು ಈ ಲೋಕದಲ್ಲಿ ಗೊತ್ತಿರುವವನು ನಾನೊಬ್ಬನೇ. ಕಾಲ ಬಳಿಯ ಹಲಗೆ ಎತ್ತಿ ಆಯಿಲು ಹಾಕುವ ಮುಚ್ಚಳ ತಿರುಗಿಸಿದೆ, ಮುಚ್ಚಳದ ರಬ್ಬರ್ ವಾಷರು ನೆನೆಹಾಕಿದ ಅವರೆಕಾಳಿನ ಹಾಗೆ ಊದಿ, ಮತ್ತೆ ಕೂರಿಸಿದರೆ ಕೂರಲೊಲ್ಲದು, ಒಳಗಿನ ರಬ್ಬರುಗಳೂ ಹೀಗೇ ಊದಿ ಆ ತೂತು ಮುಚ್ಚಿರುತ್ತವೆ. ಮೊನ್ನೆ ಬೆಳಗ್ಗೆ ಆಯಿಲು ಕಡಿಮೆಯಾಗಿತ್ತು, ಬ್ರೇಕ್ ಆಯಿಲು ಮೈಸೂರಿನಿಂದ ಬರಬೇಕಿತ್ತು, ಯಜಮಾನರಿಗೆ ಕೆ.ಆರ್. ನಗರಕ್ಕೆ ಅವಸರ, ಇಂಜಿನ್ನಿಗೆ ಹಾಕುವ ಆಯಿಲನ್ನೇ ಒಂದು ಲೋಟ ಸುರಿದೆ, ಯಾವುದಾದರೇನು ಎಣ್ಣೆ ಎಣ್ಣೆಯೇ ಅಂದುಕೊಂಡೆ, ಮಹದೇವಪ್ಪ ಎಷ್ಟು ಸಲ ಹೇಳಿದ್ದ, ಬೇರೆ ಎಣ್ಣೆ ಹಾಕ್ಬ್ಯಾಡ ಕಣ್ಲಾ, ರಬ್ಬರ್ ಊದ್ಕತದೆ.

ಸುನಂದಮ್ಮ ಇಳಿದು ನನ್ನ ಪಕ್ಕದಲ್ಲೇ ನಿಂತಿದ್ದರು, ನಾನು ವಾಷರು ಹಿಡಿದುಕೊಂಡು ಎಲ್ಲ ಹೇಳಿಬಿಟ್ಟೆ, ಯಜಮಾನರಿಗೆ ಹೇಳದ್ದು, ಹೆಂಡತಿಗೆ ಹೇಳದ್ದು, ನನ್ನ ಕೈಯಾರೆ ನಾನೇ ಮಾಡ್ದೆ ಅಮ್ಮಾವ್ರೆ ಎಂದೆ. ಅವರು ಬೈಯಲಿಲ್ಲ, ಈಗ ಹೋಗತ್ತಾ ಹೋಗಲ್ವಾ ಅಷ್ಟು ಹೇಳು ಎಂದರು. ಹೋಗತ್ತೆ, ಆಯಿಲಿನ ಕೊಳವೆ ನಾಲ್ಕಕ್ಕೂ ಒಂದೇ, ಒಂದು ನಿಪ್ಪಲ್ಲು ಬಿಚ್ಚಿ ಮುಚ್ಚಿದ್ದರಿಂದ ಈಗ ನಾಲ್ಕು ಚಕ್ರವೂ ಬಿಟ್ಟಿವೆ, ಬ್ರೇಕು ಮಾತ್ರ ಮುಟ್ಟಬಾರದು, ಮುಟ್ಟಿದರೆ ಮತ್ತೆ ಕಚ್ಚಿಕೊಳ್ಳುತ್ತೆ ಎಂದೆ. ಹಂಗಾದ್ರೆ ಮುಟ್ಬ್ಯಾಡ ಎಂದು ಹತ್ತಿ ಕೂತರು. ಮುಟ್ಟಬೇಡ, ಮುಟ್ಟಬೇಡ, ಬಲಗಾಲು ಆಕ್ಸಿಲರೇಟರಿನ ಮೇಲೆಯೇ ಇರಲಿ, ಹದಿನಾಲ್ಕು ವರ್ಷದಿಂದ ಯೋಚಿಸದೆ ಬ್ರೇಕಿಗೆ ಹಾರುವ ಕಾಲು, ಒಂದು ಮೈಲಿ, ಎರಡು ಮೈಲಿ, ತಿರುವಿನಲ್ಲಿ ಗೇರಿನಲ್ಲೇ ತಡೆದೆ, ಎಮ್ಮೆಗಳಿಗೆ ಹಾರ್ನ್ ಒತ್ತಿ ಒತ್ತಿ ದಾಟಿದೆ, ಪುಟ್ಟಲಕ್ಷ್ಮಿ ತಾಳ್ಕಳವ್ವ, ಬಂದೆ, ಮೂರು ಮೈಲಿ, ಹಳ್ಳದ ಇಳಿಜಾರಿನ ಕೊನೆಗೆ ಲಂಟಾನದ ಪೊದೆಯ ಮರೆಯಿಂದ ಸೌದೆಹೊರೆ ಹೊತ್ತ ಮುದುಕಿ ರಸ್ತೆಯ ನಡುವಿಗೇ ಬಂದಳು, ಹೊರೆಯ ಕೆಳಗೆ ಮುಖವೇ ಕಾಣಲಿಲ್ಲ, ಹ್ಯಾಂಡ್ ಬ್ರೇಕು ಎಳೆದೆ, ಕಾದ ಬ್ರೇಕು ಹಿಡಿಯಲಿಲ್ಲ, ಕಾಲು ಹಾರಿತು. ಮುದುಕಿಗೆ ಏನೂ ಆಗಲಿಲ್ಲ, ಹೊರೆ ಕೆಳಗೆ ಬಿತ್ತು, ಕಾರು ಹಳ್ಳದ ನೀರಿನ ನಡುವೆ ನಿಂತಿತು, ಹೂತಿಟ್ಟ ಕಲ್ಲಿನ ಹಾಗೆ ನಿಂತಿತು. ಸುನಂದಮ್ಮ ಆಗಲೇ ಚಪ್ಪಲಿ ಬಿಚ್ಚಿ ನೀರಿಗಿಳಿದಿದ್ದರು, ನೀನು ಬಿಚ್ಕಂಡು ಬಾ, ನಾನು ನಡೀತೀನಿ ಎಂದು ಪೆಟ್ಟಿಗೆಯನ್ನು ಸೊಂಟಕ್ಕಿಟ್ಟುಕೊಂಡು ಏರು ಹತ್ತಿದರು, ಅರವತ್ತಕ್ಕೆ ಹತ್ತಿರದ ಹೆಂಗಸು, ಉರಿಬಿಸಿಲು, ಪೆಟ್ಟಿಗೆ ಹೊರಲು ನಾನೂ ಹೋಗಬೇಕಿತ್ತು, ಕಾರು ಬೇಗ ಬಿಟ್ಟರೆ ಅವರನ್ನು ದಾರಿಯಲ್ಲೇ ಹತ್ತಿಸಿಕೊಳ್ಳಬಹುದು ಎಂದು ನೀರಿನಲ್ಲಿ ಅಂಗಾತ ಮಲಗಿದೆ, ಸ್ಪ್ಯಾನರು ಜಾರಿ ಮರಳಿನಲ್ಲಿ ಮುಳುಗಿತು, ಹುಡುಕಿದೆ, ತಡಕಿದೆ, ಕೆಸರು, ಕಲ್ಲು, ಕೆಸರು, ಸಿಕ್ಕಿತು, ಎಷ್ಟು ಹೊತ್ತಾಯಿತೋ, ಬಿಚ್ಚಿ ಮುಚ್ಚಿ ಏರು ಹತ್ತಿಸಿದಾಗ ರಸ್ತೆಯಲ್ಲಿ ಅವರಿರಲಿಲ್ಲ.

ಮನೆಯ ಜಗಲಿಯಲ್ಲಿ ಕೂತಿದ್ದೇನೆ, ನನಗಿಂತ ಮೊದಲೇ ಬಂದ ನರ್ಸಮ್ಮ ಒಳಗಿದ್ದಾರೆ, ನೀರಿನ ಸದ್ದು, ಹೆಂಡತಿ ತಿಮ್ಮಮ್ಮನ ಬಳೆಯ ಸದ್ದು, ಪುಟ್ಟಲಕ್ಷ್ಮಿ ಒಂದು ಸಲ ಕೂಗಿದಳು, ಆಮೇಲೆ ಇನ್ನೊಂದು ಸಣ್ಣ ಕೂಗು ಬರಬೇಕಿತ್ತು, ಬರಲಿಲ್ಲ, ಕಾದೆ, ಬರಲಿಲ್ಲ. ಸುನಂದಮ್ಮ ಹೊರಗೆ ಬಂದು ಹಿತ್ತಾಳೆ ತಂಬಿಗೆಯಿಂದ ಕೈ ತೊಳೆದುಕೊಂಡರು, ಮಗಳು ಉಳಿದಳು ಕಣಪ್ಪ ಎಂದರು, ಉಳಿದಳು ಉಳಿದಳು ಉಳಿದಳು, ಕೂಸು ಎಂದೆ, ಅವರು ನನ್ನ ಮುಖ ನೋಡಲಿಲ್ಲ, ಬೆಳಗ್ಗೆಗೇ ಜೀವ ಹೋಗಿತ್ತು, ನಿನ್ನ ಕಾರಿಗೂ ಇದಕ್ಕೂ ಏನೂ ಸಂಬಂಧ ಇಲ್ಲ ಎಂದರು, ಬೆರಳು ಬೆರಳು ಬಿಡಿಸಿ ತೊಳೆಯುತ್ತಲೇ ಇದ್ದರು. ತಿಮ್ಮಮ್ಮ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ್ದನ್ನು ಎದೆಗವಚಿಕೊಂಡು ಹೊಸ್ತಿಲಲ್ಲಿ ನಿಂತಳು, ನಾನು ಎಣ್ಣೆ ಸುರಿದದ್ದು ಅವಳಿಗೆ ಗೊತ್ತಿಲ್ಲ, ನರ್ಸಮ್ಮನ ಮಾತೂ ಅವಳ ಕಿವಿಗೆ ಬಿದ್ದಿರಲಾರದು, ಗಂಡು ಕೂಸು ಕಣ್ರೀ, ಬಿಸ್ಲು ನೆತ್ತಿಗೆ ಬಂದಾಗ್ಲೂ ಒದೀತಿತ್ತು, ನನ್ ಕೈಗೇ ಒದೀತು, ಎಂದಳು. ಬೆಳಗ್ಗೆಗೇ ಅಂದರು ಅವರು, ನೆತ್ತಿಯ ಮೇಲೆ ಬಿಸಿಲು ಎನ್ನುತ್ತಾಳೆ ಇವಳು, ಬಟ್ಟೆಯಿಂದ ಒಂದು ಪಾದ ಹೊರಗೆ ಬಂದಿತ್ತು, ಅದನ್ನು ಒಳಗೆ ಸೇರಿಸೋಣ ಎಂದು ಮುಟ್ಟಿದೆ, ಅಂಗಾಲಿನ ಮೇಲೆ ನನ್ನ ಹೆಬ್ಬೆಟ್ಟು ಕರ್ರಗೆ ಮೂಡಿತು, ತಿಮ್ಮಮ್ಮ ಒದ್ದೆ ಸೆರಗಿನಿಂದ ಒರೆಸಿದಳು, ಹರಡಿತು, ಎಣ್ಣೆ ಅಲ್ವಾ ನೀರಿಗೆ ಹೋಗಲ್ಲ ಎಂದಳು, ಬೆಳಗ್ಗೆಗೇ, ಅಲ್ಲ, ನೆತ್ತಿಗೆ ಬಂದಾಗ, ಹಳ್ಳದಲ್ಲಿ ನಾನು ಸ್ಪ್ಯಾನರು ತಡಕುತ್ತಿದ್ದಾಗ ಆ ಪಾದ ಒದೆಯುತ್ತಿತ್ತೋ ಇಲ್ಲವೋ, ಯಾರನ್ನು ಕೇಳಲಿ, ಬೆರಳುಗಳು ಐದೂ ಸರಿಯಾಗಿವೆ, ಉಗುರುಗಳೂ ಬಂದಿವೆ, ಅಂಗಾಲಿನಲ್ಲಿ ನನ್ನ ಹೆಬ್ಬೆಟ್ಟು, ಅಷ್ಟು ಸಣ್ಣ ಅಂಗಾಲು, ಪೂರ್ತಿ ಮುಚ್ಚಿಹೋಗುವಷ್ಟು ದೊಡ್ಡ ಹೆಬ್ಬೆಟ್ಟು, ಕರ್ರಗೆ, ಹೆಬ್ಬೆಟ್ಟು —