ಮೂವತ್ತನೇ ತಾರೀಖಿನೊಳಗೆ

ಶನಿವಾರ ಹೋಗಿ ಭಾನುವಾರ ಬರುವುದು. ಮೂರು ಜನ, ಬಂದರಿನ ಊರಿನ ಹಳೆಯ ಹೋಟೆಲಿನಲ್ಲಿ ಎಂಟನೇ ಮಹಡಿಯ ಕೋಣೆ, ಹೋಗಲು ಒಂಬತ್ತು ಗಂಟೆಯ ಬಸ್ಸು. ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಊಟದ ಮೇಜಿನ ಮೇಲೆ ಇಟ್ಟೆ. ನಾನು ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದಲ್ಲಿ ವೇಳಾಪಟ್ಟಿ ಮಾಡುವವಳು. ನಾಲ್ಕು ಸಾವಿರ ವಿದ್ಯಾರ್ಥಿಗಳಲ್ಲಿ ಒಬ್ಬರಿಗೂ ಒಂದೇ ಬೆಳಿಗ್ಗೆ ಎರಡು ಪರೀಕ್ಷೆ ಬೀಳದಂತೆ ನೋಡಿಕೊಳ್ಳುವವಳಿಗೆ ಅತ್ತೆ ಮಾವನನ್ನು ಕಡಲಿಗೆ ಕರೆದೊಯ್ಯುವುದು ದೊಡ್ಡ ಮಾತಲ್ಲ.

ಅತ್ತೆ ಹಾಳೆ ನೋಡಿ, ಮುಂದಿನ ತಿಂಗಳು ಹೋದರಾಗದೇ ಎಂದು ರಾಗ ಎಳೆದರು. ಬಿಸಿಲು ಇಳಿದಿರುತ್ತದೆ, ಮಂಡಿ ನೋವೂ ಅಷ್ಟರಲ್ಲಿ ಒಂದು ಹದಕ್ಕೆ ಬಂದಿರುತ್ತದೆ. ನಾದಿನಿ ಫೋನಿನಲ್ಲಿ ಇನ್ನೂ ಮುಂದೆ ಹೋದಳು. ಮಕ್ಕಳಿಗೆ ರಜೆ ಬಂದ ಮೇಲೆ ಎಲ್ಲರೂ ಸೇರಿ ಹೋಗೋಣ, ತನ್ನ ಭಾವನ ಹತ್ತಿರ ವ್ಯಾನಿದೆ, ಆ ಭಾವನ ಅತ್ತೆಯೂ ಕಡಲು ನೋಡಿಲ್ಲ ಎಂದಳು. ಹತ್ತು ನಿಮಿಷದಲ್ಲಿ ಮೂವರ ಪ್ರವಾಸ ಹದಿಮೂರು ಜನರ ದಿಬ್ಬಣವಾಯಿತು.

ಈ ತಿಂಗಳೇ, ಈ ಶನಿವಾರವೇ ಎಂದು ಕಡ್ಡಿ ಮುರಿದಂತೆ ಹೇಳಿದೆ.

"ಅಂಥದ್ದೇನತ್ತಿಗೆ ಈ ಶನಿವಾರದಲ್ಲಿ? ಕಡಲೇನು ಸೋಮವಾರದಿಂದ ಬಾಗಿಲು ಹಾಕುತ್ತಾ?"

ಅವಳಿಗೆ ಹೇಳಲಿಲ್ಲ. ಬಾಗಿಲು ಹಾಕುವುದು ಕಡಲಲ್ಲ.

ಆ ಹೋಟೆಲಿನ ಲಿಫ್ಟಿನೊಳಗೆ ಗಾಜಿನ ಚೌಕಟ್ಟಿನಲ್ಲಿ ಒಂದು ಕಾರ್ಡು ಇದೆ. ಲಿಫ್ಟು ಸುಸ್ಥಿತಿಯಲ್ಲಿದೆ, ಆರು ಜನ ಹತ್ತಬಹುದು, ಇಂಥ ತಾರೀಖಿನವರೆಗೆ. ಕೆಳಗೆ ನನ್ನ ಗಂಡನ ಸಹಿ. ಅವನು ಲಿಫ್ಟ್ ಇನ್‌ಸ್ಪೆಕ್ಟರ್ ಆಗಿದ್ದ. ಹೋದ ವರ್ಷ ಆ ಊರಿನಿಂದ ಬಂದವನು ಶೂ ಬಿಚ್ಚುತ್ತಲೇ ಹೇಳಿದ್ದ: ಎಂಟನೇ ಮಹಡಿಯಲ್ಲಿ ಬಾಗಿಲು ತೆರೆದರೆ ಎದುರಿಗೇ ಕಿಟಕಿ, ಕಿಟಕಿಯ ತುಂಬ ಕಡಲು, ಗೋಡೆ ಎದ್ದು ನಿಂತ ಹಾಗೆ. ನಿನ್ನನ್ನು ಕರೆದುಕೊಂಡು ಹೋಗುತ್ತೇನೆ ಎಂದಿದ್ದ. ಅದೇ ಅವನ ಕೊನೆಯ ತಪಾಸಣೆ. ಮರುವಾರ ಜ್ವರ ಎಂದು ಮಲಗಿದವನು ತಿಂಗಳು ಕಳೆದರೂ ಏಳದೆ ಹೋಗಿಬಿಟ್ಟ. ಹನ್ನೊಂದು ತಿಂಗಳಾಯಿತು.

ಅವನು ಸಹಿ ಹಾಕಿದ ಲಿಫ್ಟುಗಳಲ್ಲಿ ಕಾರ್ಡುಗಳು ಒಂದೊಂದಾಗಿ ಬದಲಾದವು. ಉಳಿದಿರುವುದು ಇದೊಂದೇ. ಅವನ ಚೀಲದಲ್ಲಿದ್ದ ನಕಲಿನಲ್ಲಿ ಈ ತಿಂಗಳ ಮೂವತ್ತರವರೆಗೆ ಎಂದಿದೆ. ಆಮೇಲೆ ಬೇರೆಯವರ ಸಹಿ ಬರುತ್ತದೆ. ಅವನು ಸರಿಯಿದೆ ಎಂದು ಬರೆದುಕೊಟ್ಟ ಆ ಪೆಟ್ಟಿಗೆಯಲ್ಲಿ ನಿಂತು ಒಮ್ಮೆ ಎಂಟು ಮಹಡಿ ಏರಬೇಕು. ನನಗೆ ಬೇಕಾಗಿದ್ದು ಅಷ್ಟು. ಈ ಹನ್ನೊಂದು ತಿಂಗಳಲ್ಲಿ ನಾನು ಬೇಕು ಎಂದದ್ದು ಇದೊಂದನ್ನೇ.

ಮಾವ ಹೋಟೆಲಿಗೆ ಫೋನ್ ಮಾಡುತ್ತಾರೆಂದು ನನಗೆ ಗೊತ್ತಿತ್ತು. ಅವರೂ ಲಿಫ್ಟ್ ಇನ್‌ಸ್ಪೆಕ್ಟರೇ, ಮೂವತ್ತಮೂರು ವರ್ಷ ಮಾಡಿ ನಿವೃತ್ತರಾದವರು, ಮಗನಿಗೆ ಕೆಲಸ ಕಲಿಸಿದವರು. ಕಾರ್ಡು ಓದದೆ ಯಾವ ಲಿಫ್ಟಿಗೂ ಜಪ್ಪಯ್ಯ ಅಂದರೂ ಕಾಲಿಡುವುದಿಲ್ಲ. ಆಸ್ಪತ್ರೆಯಲ್ಲಿ ಸ್ಟ್ರೆಚರನ್ನೇ ಹಿಂದೆ ನಿಲ್ಲಿಸಿ ಓದಿದ ಮನುಷ್ಯ. ಫೋನಿನಲ್ಲಿ ಮಗನ ಹೆಸರು ಕೇಳಿದರೆ ಮರುಮಾತಿಲ್ಲದೆ ಹೊರಡುತ್ತಾರೆ ಎಂಬುದು ನನ್ನ ಲೆಕ್ಕಾಚಾರವಾಗಿತ್ತು.

ಮಂಗಳವಾರ ಬೆಳಿಗ್ಗೆ ಫೋನ್ ಮಾಡಿದರು. ಆ ಕಡೆಯ ಗುಮಾಸ್ತ ಲಿಫ್ಟಿನೊಳಗೆ ನಿಂತು ಓದುತ್ತಿದ್ದ, ಇವರು ಪತ್ರಿಕೆಯ ಅಂಚಿನಲ್ಲಿ ಬರೆದುಕೊಳ್ಳುತ್ತಿದ್ದರು. ತಪಾಸಣೆ ಆದದ್ದು ಹೋದ ವರ್ಷ ಇದೇ ತಿಂಗಳು ಒಂಬತ್ತು. ಅವಧಿ ಈ ತಿಂಗಳ ಮೂವತ್ತರವರೆಗೆ. ಇನ್ನೊಂದು ಸಲ ಓದಪ್ಪ ಎಂದರು. ಅವನು ಓದಿದ, ಸಹಿಯ ಹೆಸರನ್ನೂ ಓದಿದ. ಮಾವ ಫೋನ್ ಇಟ್ಟು ಕನ್ನಡಕ ತೆಗೆದರು.

"ಸಹಿ ನಮ್ಮವನದು."

"ಗೊತ್ತು ಮಾವ."

"ಗೊತ್ತಿದ್ದೇ ಈ ಹೋಟೆಲ್ ಹಿಡಿದಿದ್ದೀಯ."

"ಹೂಂ."

"ಕಾರ್ಡು ಸತ್ತು ಎರಡು ವಾರ ಆಯ್ತಮ್ಮ."

ಕಾರ್ಡಿಗೆ ಒಂದು ವರ್ಷದ ಆಯುಸ್ಸು. ಒಂಬತ್ತಕ್ಕೆ ತಪಾಸಣೆಯಾದರೆ ಮುಂದಿನ ವರ್ಷ ಎಂಟಕ್ಕೆ ಮುಗಿಯಬೇಕು. ನನ್ನ ಗಂಡ ಅದನ್ನು ತಿಂಗಳ ಕೊನೆಗೆ ಎಳೆದುಬಿಡುತ್ತಿದ್ದನಂತೆ, ಕಟ್ಟಡದವರಿಗೆ ನೆನಪಿಟ್ಟುಕೊಳ್ಳಲು ಸುಲಭ ಎಂದು. ಎರಡು ತಾರೀಖೂ ನಕಲಿನಲ್ಲಿ ನನ್ನ ಕಣ್ಣ ಮುಂದೆಯೇ ಇದ್ದವು. ತಾರೀಖುಗಳಲ್ಲೇ ಹೊಟ್ಟೆ ಹೊರೆಯುವ ನಾನು ಗಮನಿಸಿರಲಿಲ್ಲ. ಕೆಳಗಿದ್ದ ಸಹಿಯನ್ನು ಮಾತ್ರ ನೋಡಿದ್ದೆ.

"ನೂರು ಸಲ ಬೈದಿದ್ದೀನಿ," ಎಂದರು ಮಾವ. "ಲಿಫ್ಟಿನ ಹಗ್ಗಕ್ಕೆ ತಿಂಗಳ ಕೊನೆ ಗೊತ್ತಾಗುತ್ತೇನೋ ಅಂತ. ಇಪ್ಪತ್ತೆರಡು ದಿನ ದಾನ ಮಾಡಿ ಕೂತಿದ್ದಾನೆ, ಮಹಾರಾಯ."

ಅತ್ತೆ ಅಡುಗೆಮನೆಯ ಬಾಗಿಲಿಗೆ ಬಂದರು. "ನನ್ನ ಮಗ ಸರಿ ಅಂದಮೇಲೆ ಸರಿ. ನಾನು ಹತ್ತುತ್ತೀನಿ, ನೀವು ಮೆಟ್ಟಿಲಲ್ಲಿ ಬನ್ನಿ."

ಮಾವ ನಗಲಿಲ್ಲ. ತಿಳಿದ ಮೇಲೆ ಕಚೇರಿಗೆ ಹೇಳಲೇಬೇಕು, ಅದರಲ್ಲಿ ದಿನಕ್ಕೆ ಎಷ್ಟೋ ಮನೆಯ ಮಕ್ಕಳು ಹತ್ತಿಳಿಯುತ್ತಾರೆ ಎಂದರು. ಹೇಳಿದರೆ ನಾಳೆಯೇ ಹೊಸ ಇನ್‌ಸ್ಪೆಕ್ಟರ್ ಹೋಗುತ್ತಾನೆ, ಕಾರ್ಡು ಬದಲಾಗುತ್ತದೆ. ಹೇಳುವಾಗ ನನ್ನ ಮುಖ ನೋಡಲಿಲ್ಲ. ನಾಲ್ಕು ದಿನ ಸುಮ್ಮನಿರಿ ಮಾವ ಎಂದು ನಾನು ಕೇಳಬಹುದಿತ್ತು. ಕೇಳಿದ್ದರೆ ಇರುತ್ತಿದ್ದರೋ ಏನೋ. ಮೂವತ್ತಮೂರು ವರ್ಷ ಒಂದು ದಿನವೂ ಬಿಟ್ಟುಕೊಡದವರಿಂದ ನಾಲ್ಕು ದಿನ ಕಿತ್ತುಕೊಂಡು ಆ ಲಿಫ್ಟು ಹತ್ತಲು ನನಗೆ ಮನಸ್ಸಾಗಲಿಲ್ಲ.

ಎರಡು ಪರೀಕ್ಷೆಗಳು ಡಿಕ್ಕಿ ಹೊಡೆದರೆ ನಮ್ಮ ವಿಭಾಗದಲ್ಲಿ ಯಾವುದನ್ನೂ ರದ್ದು ಮಾಡುವುದಿಲ್ಲ. ಮೊದಲು ಒಂದರ ಒಳಗೆ ಏನೇನು ಯಾವ ಕ್ರಮದಲ್ಲಿ ನಡೆಯುತ್ತದೆ ಎಂದು ಕೇಳುತ್ತೇವೆ. ಮಾವನ ಎದುರಿಗೆ ಕುರ್ಚಿ ಎಳೆದುಕೊಂಡು ಕೂತೆ.

"ಸಹಿ ಹಾಕೋದಕ್ಕೆ ಮುಂಚೆ ಇನ್‌ಸ್ಪೆಕ್ಟರ್ ತಾನು ಹತ್ತಬೇಕಲ್ವಾ ಮಾವ?"

"ಹತ್ತಲೇಬೇಕು. ಹಗ್ಗ, ಬ್ರೇಕು, ಮರಳಿನ ಮೂಟೆ ಇಟ್ಟು ಒಂದು ಓಟ. ಎಲ್ಲ ಆದಮೇಲೆ ಜನ ಹತ್ತಿ ಕೊನೇ ಓಟ. ಸಹಿ ಅದಾದ ಮೇಲೇನೆ."

"ಆ ಕೊನೇ ಓಟದಲ್ಲಿ ಚೌಕಟ್ಟಿನೊಳಗೆ ಯಾವ ಕಾರ್ಡು ಇರುತ್ತೆ?"

ಮಾವ ತಲೆ ಎತ್ತಿದರು.

"ಹಳೇದೇ."

"ಜನ ಯಾರು?"

"ಯಾರಾದರೂ. ಆರು ಜನ ಇದ್ದರೆ ಸಾಕು." ಆಮೇಲೆ ಅತ್ತೆಯ ಕಡೆ ತಿರುಗಿ, "ಇವಳು ಹತ್ತಿದರೆ ನಾಲ್ಕೇ ಜನ ಸಾಕು," ಎಂದರು. ಮಗ ಹೋದ ಮೇಲೆ ಅತ್ತೆಯನ್ನು ಅವರು ಗೇಲಿ ಮಾಡಿದ್ದು ಅದೇ ಮೊದಲು. ಅತ್ತೆ ಮುಖ ಊದಿಸಿಕೊಂಡು ಒಳಗೆ ಹೋದರು, ಹೋಗಿ ಅಟ್ಟದಿಂದ ಪ್ರಯಾಣದ ಚೀಲ ಇಳಿಸಿದ ಸದ್ದು ಕೇಳಿಸಿತು.

ಹೊಸ ಇನ್‌ಸ್ಪೆಕ್ಟರ್ ಮಾವನ ಶಿಷ್ಯನೇ. ಕಚೇರಿಯಲ್ಲಿ ಅವನಿಗೆ ಎಣ್ಣೆಡಬ್ಬಿ ಎಂದು ಹೆಸರು. ಮಾವ ಫೋನಿನಲ್ಲಿ ತಪ್ಪನ್ನು ತಪ್ಪೆಂದೇ ಹೇಳಿದರು, ಯಾರ ತಪ್ಪೆಂದೂ ಹೇಳಿದರು. ಶನಿವಾರ ಹನ್ನೊಂದಕ್ಕೆ ಬರುತ್ತೇನೆಂದು ಅವನು ಒಪ್ಪಿಕೊಂಡ. ಅಲ್ಲಿಯವರೆಗೆ ಲಿಫ್ಟು ನಿಲ್ಲಿಸಿ ಎಂದು ಮಾವ ಹೋಟೆಲಿನವರಿಗೂ ತಾಕೀತು ಮಾಡಿದರು. ಗುಮಾಸ್ತ ಗೊಣಗಿದ. ನಾಲ್ಕು ದಿನ ಆ ಹೋಟೆಲಿನ ಅತಿಥಿಗಳು ಮೆಟ್ಟಿಲು ಹತ್ತುತ್ತಾ ಯಾರಿಗೆ ಶಾಪ ಹಾಕಿದರೋ, ಅದು ನಮಗೇ ಸೇರಬೇಕು. ನಾನು ಹಾಳೆಯಲ್ಲಿ ಒಂಬತ್ತರ ಬಸ್ಸು ಹೊಡೆದುಹಾಕಿ ಆರೂ ಕಾಲು ಗಂಟೆಯದು ಬರೆದೆ.

ಇಪ್ಪತ್ತೇಳನೇ ತಾರೀಖು, ಶನಿವಾರ, ಹತ್ತೂವರೆಗೆ ಹೋಟೆಲು ತಲುಪಿದೆವು. ಎಣ್ಣೆಡಬ್ಬಿ ಆಗಲೇ ಮೇಲಿನ ಯಂತ್ರದ ಕೋಣೆಯಲ್ಲಿದ್ದ. ಮಾವ ಕೈಚೀಲವನ್ನೂ ಕೆಳಗಿಡದೆ ಮೆಟ್ಟಿಲು ಹತ್ತಿ ಹೋದರು. ಮುಕ್ಕಾಲು ಗಂಟೆ ಮೇಲಿನಿಂದ ಅವರ ಧ್ವನಿ ಕೇಳುತ್ತಿತ್ತು. ಮರಳಿನ ಮೂಟೆಗಳು ಹೋದವು, ಬಂದವು. ಆಮೇಲೆ ನಮ್ಮನ್ನು ಕರೆದರು. ಎಣ್ಣೆಡಬ್ಬಿ, ಮಾವ, ಅತ್ತೆ, ನಾನು, ಗುಮಾಸ್ತ, ಏಪ್ರನ್ ಬಿಚ್ಚಲೂ ಮರೆತ ಅಡುಗೆಯವನು. ಆರು ಜನ.

ಕಾರ್ಡು ನನ್ನ ಭುಜದ ಎತ್ತರಕ್ಕಿತ್ತು. ನೀಲಿ ಶಾಯಿ ಸ್ವಲ್ಪ ಮಾಸಿತ್ತು. ಸಹಿಯ ಕೊನೆಯ ಗೆರೆ ಎಂದಿನಂತೆ ಮೇಲಕ್ಕೆ ಬಾಗಿತ್ತು. ಕನ್ನಡಕ ಹಾಕಿಕೊಂಡಿರದ ಅತ್ತೆ ಗಾಜನ್ನು ಬೆರಳಿನಿಂದ ಮುಟ್ಟಿ, ಇದಾ ಎಂದು ಕೇಳಿದರು. ಹೌದು ಎಂದೆ. ಮಾವ ಕಾರ್ಡು ನೋಡಲಿಲ್ಲ. ಕಣ್ಣು ಮುಚ್ಚಿ ಲಿಫ್ಟಿನ ಗೋಡೆಗೆ ಅಂಗೈ ಒತ್ತಿ ನಿಂತಿದ್ದರು. ಐದು ದಾಟಿತು, ಆರು ದಾಟಿತು.

"ತಾರೀಖೊಂದು ಬಿಟ್ಟು," ಎಂದರು, ಕಣ್ಣು ತೆರೆಯದೆ, "ಎಲ್ಲಾ ಸರಿಯಾಗೇ ಮಾಡಿದ್ದಾನೆ."

ಎಂಟರಲ್ಲಿ ಬಾಗಿಲು ತೆರೆಯಿತು. ಎದುರಿಗೇ ಕಿಟಕಿ. ಅವನು ಹೇಳಿದ್ದು ನಿಜ, ಕಡಲು ಎದ್ದು ನಿಂತಿತ್ತು. ಅತ್ತೆ ಮಂಡಿಯನ್ನು ಮರೆತು ನಮ್ಮೆಲ್ಲರಿಗಿಂತ ಮೊದಲು ಹೊರಗೆ ನಡೆದರು. ನಾನು ಎಲ್ಲರೂ ಇಳಿಯುವವರೆಗೆ ಒಳಗೇ ನಿಂತಿದ್ದು ಆಮೇಲೆ ಇಳಿದೆ.

ಎಣ್ಣೆಡಬ್ಬಿ ಹೊಸ ಕಾರ್ಡನ್ನು ಗೋಡೆಗೆ ಒತ್ತಿ ಬರೆದ. ಅವಧಿಯ ಜಾಗಕ್ಕೆ ಬಂದಾಗ ಮಾವ ಹಿಂದಿನಿಂದ "ಇಪ್ಪತ್ತಾರು" ಎಂದರು. ಹಳೆಯ ಕಾರ್ಡನ್ನು ಹರಿದು ಅರ್ಧವನ್ನು ದಾಖಲೆ ಪುಸ್ತಕದಲ್ಲಿ ಇಡುವುದು ನಿಯಮ. ಎಣ್ಣೆಡಬ್ಬಿಗೆ ಕೈ ಬರಲಿಲ್ಲ, ಮಾವನೇ ನೇರವಾಗಿ ಹರಿದರು. ಸಹಿಯಿದ್ದ ಅರ್ಧವನ್ನು ನನ್ನ ಕಡೆ ಹಿಡಿದರು. ಅದನ್ನು ಅತ್ತೆಗೆ ಕೊಡಿ ಎಂದೆ. ಅತ್ತೆ ಅದನ್ನು ತಮ್ಮ ಕನ್ನಡಕದ ಡಬ್ಬಿಯಲ್ಲಿ ಮಡಿಸದೆ ಇಟ್ಟುಕೊಂಡರು. ನಾನು ಕಾಗದಕ್ಕಾಗಿ ಬಂದವಳಲ್ಲ. ನನ್ನ ಎಂಟು ಮಹಡಿ ನನಗೆ ಸಿಕ್ಕಿತ್ತು.

ಮಧ್ಯಾಹ್ನ ನಾದಿನಿ ಫೋನ್ ಮಾಡಿ, ಕಡಲು ತೆರೆದಿದೆಯಾ ಅತ್ತಿಗೆ ಎಂದು ಕೇಳಿದಳು. ತೆರೆದಿದೆ, ರಜೆಗೆ ಎಲ್ಲರೂ ಬರೋಣ, ವ್ಯಾನಿನವರಿಗೆ ಹೇಳಿಡು ಎಂದೆ.

ಹಾಳೆ ತಿರುಗಿಸಿ ಕಿಟಕಿಯ ಬಳಿ ಕೂತೆ. ಹದಿಮೂರು ಜನ, ಆರು ಜನರ ಲಿಫ್ಟು. ಮೊದಲ ಸರದಿಗೆ ಮಕ್ಕಳು, ನಾದಿನಿ, ಅತ್ತೆ. ಎರಡನೆಯದಕ್ಕೆ ಮಾವ ಮತ್ತು ವ್ಯಾನಿನ ಕಡೆಯವರು. ಮೂರನೆಯ ಸರದಿಗೆ ಒಬ್ಬರೇ ಉಳಿಯುತ್ತಾರೆ. ಅಲ್ಲಿ ನನ್ನ ಹೆಸರು ಬರೆದೆ.