ಕೊರಳಪಟ್ಟಿಯ ಒಳಗಿನ ಹೆಸರು

“ದುರುಗಕ್ಕ ಹೊಲಿದ ಪ್ಯಾಂಟು ಹರಿಯಂಗಿಲ್ಲ, ತೊಟ್ಟಾವನೇ ಹರೀಬೇಕು” ಎಂದು ಆಂಧ್ರದ ಗಡಿಯೂರು ರಾಯದುರ್ಗದ ನಮ್ಮ ಓಣಿಯ ಜನ ಆಡಿಕೊಳ್ಳುತ್ತಿದ್ದರು. ಅದು ಹೊಗಳಿಕೆಯೋ ಕುಹಕವೋ ಎಂದು ವಿಂಗಡಿಸುವ ಗೋಜಿಗೆ ಆಕೆ ಎಂದೂ ಹೋದವಳಲ್ಲ. “ಹರಿದ್ರ ಕರ್ಕೊಂಡು ಬರ್ರಿ, ಆತನ್ನೂ ಹೊಲಿದು ಕಳಿಸ್ತೀನಿ” ಎಂದು ಹಲ್ಲಿನ ನಡುವೆ ಹಿಡಿದ ದಾರವನ್ನು ಪಟಕ್ಕನೆ ಕಡಿಯುತ್ತಿದ್ದಳು.

ಇಪ್ಪತ್ತೆರಡು ವರ್ಷ ಜೀನ್ಸ್ ಹೊಲಿದ ಕಾಯ ಅದು. ಬಸ್ಸಿಗೆ ಕಾಯುವಾಗ, ರೇಷನ್ ಸಾಲಿನಲ್ಲಿ, ಕಡೆಗೆ ಸಾವಿನ ಮನೆಯ ಜಗುಲಿಯಲ್ಲಿ ಕುಳಿತಾಗಲೂ ಆಕೆಯ ಬಲಗಾಲು ಕಾಣದ ಮಷೀನೊಂದನ್ನು ತುಳಿಯುತ್ತಲೇ ಇರುತ್ತಿತ್ತು. ನಡಿಗೆಯೂ ಹೊಲಿಗೆಯದೇ: ನೆಟ್ಟಗೆ ಹೋಗಿ, ಓಣಿಯ ಮೂಲೆಯಲ್ಲಿ ಒಂದು ಕ್ಷಣ ನಿಂತು, ಸೂಜಿ ಊರಿ ಬಟ್ಟೆ ತಿರುಗಿಸಿದ ಹಾಗೆ ಗಕ್ಕನೆ ತಿರುಗುವಳು. ಮಾತು ಕನ್ನಡ, ಜಗಳ ಕನ್ನಡ. ಟೇಪು ಕೈಗೆ ಬಂದೊಡನೆ ಮಾತ್ರ ನಾಲಿಗೆ ತೆಲುಗಿಗೆ ಹೊರಳಿ “ಮುಪ್ಪೈ ರೆಂಡು, ಮುಪ್ಪೈ ನಾಲುಗು” ಎಂದು ಸೊಂಟದ ಅಳತೆ ಎಣಿಸುತ್ತಿತ್ತು.

ಪ್ರತಿ ಪ್ಯಾಂಟಿನ ಸೊಂಟಕ್ಕೆ ಕೊನೆಯಲ್ಲಿ ಒಂದು ಲೇಬಲ್ ಹೊಲಿಯಬೇಕು. ಎಲ್ಲಿಯದೋ ಊರು, ಯಾರದೋ ಹೆಸರು; ಚೀಲದಲ್ಲಿ ಬರುತ್ತಿದ್ದ ಆ ಚೀಟಿಗಳ ಅಕ್ಷರ ಆಕೆಗೆ ತಿಳಿಯದು. “ನಿನ್ನ ಹೆಸರೆಲ್ಲೈತಿ ದುರುಗಕ್ಕ?” ಎಂದು ಒಮ್ಮೆ ಚೇಷ್ಟೆಗೆ ಕೇಳಿದ್ದೆ. “ಹೊಲಿಯೋರ ಹೆಸರು ದಾರದಾಗ ಇರ್ತೈತ್ರಿ ಮಾಷ್ಟ್ರೆ. ಬಿಚ್ಚಿ ನೋಡೋರು ಯಾರು?” ಎಂದು ನಕ್ಕಿದ್ದಳು. ಆ ನಗೆಯನ್ನು ನಾನು ಪೂರ್ತಿ ನಂಬಿದ್ದೆ. ಆದರೆ ಪ್ರತಿ ಪ್ಯಾಂಟಿನ ಜೇಬಿನ ತಳದಲ್ಲಿ, ಯಾರ ಕಣ್ಣಿಗೂ ಬೀಳದಂತೆ, ಕೆಂಪು ದಾರದ ಒಂದೇ ಒಂದು ಹೊಲಿಗೆ ಹಾಕಿ ಕಳಿಸುತ್ತಾಳೆಂಬುದು ಮುಂದೆ ಆಕೆಯ ಮಗಳು ಉಷಾರಾಣಿ ಹೇಳಿ ನನಗೆ ತಿಳಿಯಿತು.

ಈ ಉಷಾರಾಣಿ ಬೆಂಗಳೂರಿನ ಗಾರ್ಮೆಂಟಿನಲ್ಲಿದ್ದಳು. ಅಲ್ಲಿ ಗೆಳತಿಯರಾದ ಮಮತಾ, ಸೌಮ್ಯರೊಂದಿಗೆ ಊಟದ ಬಿಡುವಿನಲ್ಲಿ ಫೋನಿನಲ್ಲಿ ಒಂದು ಕಾಮಿಕ್ ಚಿತ್ರಕಥೆ ಓದಿ ಮರುಳಾದಳು. ಅಂಥ ಕಥೆಗಳ ಅಭಿಮಾನಿಗಳು ಪಾತ್ರಗಳ ವೇಷ ತೊಟ್ಟು ನೆರೆಯುವ ಮೇಳವೊಂದು ವರ್ಷಕ್ಕೊಮ್ಮೆ ಅಲ್ಲಿ ನಡೆಯುತ್ತದೆ, ಸ್ಪರ್ಧೆಯೂ ಉಂಟು. ಹಬ್ಬಕ್ಕೆ ಊರಿಗೆ ಬಂದವಳು ತಾಯಿಯ ಮುಂದೆ ಆ ಕಥೆಯ ಒಂದು ಚಿತ್ರ ಹಿಡಿದಳು: ಕೋಟೆ ಕಾಯುವ ಮುದಿ ದಳವಾಯಿ, ಉಕ್ಕಜ್ಜಿ.

“ನಾಕು ವರ್ಷದಿಂದ ಬರೇ ಕೊರಳಪಟ್ಟಿ ಹೊಲಿದು ಕೈ ಅದಕ್ಕs ಬಿದ್ದೈತವ್ವ. ನಮ್ಮ ಲೈನಿನಾಗ ನೂರು ಮಂದಿ ಅದೀವಿ, ಒಂದು ಇಡೀ ಕೋಟು ಹೊಲಿಯಾಕ ಒಬ್ಬರಿಗೂ ಬರಂಗಿಲ್ಲ. ಈಕಿ ಕೋಟು ನೀನs ಹೊಲೀಬೇಕು.”

ದುರುಗಕ್ಕ ಚಿತ್ರವನ್ನು ದೂರ ಹಿಡಿದು ನೋಡಿದಳು. “ಈಕಿ ಯಾರವ್ವಾ, ನನ್ನಂಗs ಅದಾಳಲ್ಲ.”

“ಅದಕ್ಕs ಈ ವೇಷ ನಿನಗ.”

ಕತ್ತರಿಸಿ ಉಳಿದ ಜೀನ್ಸಿನ ಚೂರುಗಳನ್ನು ಕಡುನೀಲಿಯಿಂದ ಬಿಳಿನೀಲಿಯವರೆಗೆ ಜೋಡಿಸಿ, ಮೀನಿನ ಹುರುಪೆಯಂತೆ ಒಂದರ ಮೇಲೊಂದು ಹಾಯಿಸಿ, ತಿಂಗಳೊಪ್ಪತ್ತಿನಲ್ಲಿ ಆಕೆ ಹೊಲಿದ ಮೊಣಕಾಲುದ್ದದ ಕೋಟನ್ನು ಕಂಡು ಆಡಿಕೊಳ್ಳುವ ಓಣಿಯೂ ಬಾಯಿ ಮುಚ್ಚಿತು. ಹುಡುಗಿಯರು ಸೈನಿಕರು. ಜೊತೆಗೆ ಬೆಂಗಳೂರಿಗೆ ಹೊರಟ ನಾನು, ಗಡ್ಡವಿದ್ದ ತಪ್ಪಿಗೆ, ಕಂದೀಲು ಹಿಡಿಯುವ ಆಳು.

ಮೇಳದ ಸಭಾಂಗಣದ ಹೊರಗೆ ಕೋಟು ತೊಡುವ ಮುನ್ನ ದುರುಗಕ್ಕ ಅದಕ್ಕೆ ಕೈಮುಗಿದಳು. ತಂದೆ ಲಕ್ಷ್ಮಣಪ್ಪ ಗುಮ್ಮಘಟ್ಟದ ಕಡೆ ಬಯಲಾಟದಲ್ಲಿ ರಾಜವೇಷ ಕಟ್ಟಿದವನು; “ವೇಷ ಕಟ್ಟೋ ಮುಂದ ಹೆಸರು ಬಿಚ್ಚಿಡು” ಎಂಬುದು ಅವನ ಕಟ್ಟಳೆ. ವೇಷ ಇಳಿಸುವ ತನಕ ಸ್ವಂತ ಹೆಸರಿಗೆ ಓಗೊಡುವಂತಿಲ್ಲ. ಕೋಟಿನ ಗುಂಡಿ ಹಾಕಿಕೊಂಡ ಗಳಿಗೆಯಿಂದ “ದುರುಗಕ್ಕ” ಎಂದರೆ ಆಕೆ ಅಲುಗಲಿಲ್ಲ, “ಅವ್ವ” ಎಂದರೂ ಇಲ್ಲ. “ಅಜ್ಜೀ” ಎಂದಾಗಲೇ ಕತ್ತು ತಿರುಗಿದ್ದು.

ಸ್ಪರ್ಧೆಯ ಸಾಲಿನಲ್ಲಿ ಹೆಸರು ಬರೆದುಕೊಳ್ಳುವ ಪುಸ್ತಕ ಹಿಡಿದ ಹುಡುಗಿಯೊಬ್ಬಳು ಕೋಟಿನ ಅಂಚನ್ನು ಮಗುಚಿ ನೋಡಿ, ಬೆರಗಾಗಿ ಕೇಳಿದಳು: “ಇದನ್ನ ಹೊಲಿದವರು ಯಾರು? ಹೆಸರು ಬರ್ಕೋಬೇಕು.”

ಇಪ್ಪತ್ತೆರಡು ವರ್ಷಗಳಲ್ಲಿ ಯಾರೂ ಕೇಳದ ಪ್ರಶ್ನೆ. ತುಳಿಯುತ್ತಿದ್ದ ಬಲಗಾಲು ನಿಂತಿತು.

“ಉಕ್ಕಜ್ಜಿ” ಎಂದಳು.

“ಅದು ಪಾತ್ರದ ಹೆಸರಮ್ಮ. ಹೊಲಿದವರ ಹೆಸರಿಲ್ಲದಿದ್ರೆ ಸ್ಪರ್ಧೆಗೆ ತಗೊಳ್ಳಲ್ಲ.”

“ಉಕ್ಕಜ್ಜಿ.”

“ಹೇಳವ್ವ, ಇವತ್ತೊಂದು ದಿನ” ಎಂದು ನಾನು ಕಂದೀಲಿನ ಮರೆಯಿಂದ ಪಿಸುಗುಟ್ಟಿದೆ. ಆಕೆ ಮಗುಚಿದ್ದ ಅಂಚನ್ನು ನೆಟ್ಟಗೆ ಮಾಡಿಕೊಂಡಳು. ಹುಡುಗಿ ಪುಸ್ತಕ ಮಡಚಿ ಮುಂದಿನವರತ್ತ ಸರಿಯುವಷ್ಟರಲ್ಲಿ ಉಷಾರಾಣಿ ಆ ಹುಡುಗಿಯ ತೋಳು ಹಿಡಿದಳು.

“ಬರ್ಕೊಳ್ರಿ. ದುರುಗಮ್ಮ. ರಾಯದುರ್ಗ. ನಮ್ಮವ್ವ.”

ದುರುಗಕ್ಕ ತನಗೆ ಸಂಬಂಧವೇ ಇಲ್ಲವೆಂಬಂತೆ ಎದುರಿನ ಗೋಡೆ ನೋಡುತ್ತಿದ್ದಳು. ಬಲಗಾಲು ಮಾತ್ರ ಮತ್ತೆ ತುಳಿಯತೊಡಗಿತು.

ಎರಡನೆಯ ಬಹುಮಾನ ಬಂತು. ಮೈಕಿನಲ್ಲಿ ಹೆಸರು ಕೂಗಿದಾಗ ಆಕೆ ಏಳಲಿಲ್ಲ. ಮಗಳೇ ಹೋಗಿ ತಂದಳು. ಸಂಜೆ ಹೊರಗೆ ಕೋಟು ಬಿಚ್ಚಿ ಮಡಿಕೆ ಹಾಕಿ, ಸೆರಗು ಸರಿಮಾಡಿಕೊಂಡ ಮೇಲೆ ಮೆಲ್ಲಗೆ ಕೇಳಿದಳು: “ಆಗ ಮೈಕಿನಾಗ ಏನೋ ಅಂದ್ರಲ್ರಿ ಮಾಷ್ಟ್ರೆ, ಏನಂದ್ರು? ಇನ್ನೊಮ್ಮೆ ಹೇಳ್ರಿ.”

ಹೇಳಿದೆ. ರಾಯದುರ್ಗ ಮುಟ್ಟುವುದರೊಳಗೆ ನಾಲ್ಕು ಸಲ ಹೇಳಿಸಿದಳು.

ಲೋಕದ ಮೈ ಮುಚ್ಚುವವರಿಗೆ ಹೆಸರಿನ ಹಂಬಲವಿಲ್ಲವೆಂದು ನಂಬುವುದು, ತೊಡುವವರಾದ ನಮಗೆ ಅನುಕೂಲ. ಹಂಬಲ ಅವರಲ್ಲೂ ಉಂಟು. ಆದರೆ ಅವರ ಕಟ್ಟಳೆ ಹಂಬಲಕ್ಕಿಂತ ಒಂದು ಎಳೆ ಗಟ್ಟಿ. ಅಂಥವರು ತಮ್ಮ ಹೆಸರನ್ನು ತಾವೇ ಹೇಳಿಕೊಳ್ಳುವುದಿಲ್ಲ. ಪಕ್ಕದಲ್ಲಿ ನಿಂತವರು ಹೇಳಬೇಕು.

ಮೇಳದಲ್ಲಿ ಕೋಟು ಕಂಡವರು ತಮಗೂ ವೇಷ ಬೇಕೆಂದು ಕೇಳತೊಡಗಿದ್ದರಿಂದ ಮೂವರು ಗೆಳತಿಯರು ಗಾರ್ಮೆಂಟು ಬಿಟ್ಟು ಬೆಂಗಳೂರಿನಲ್ಲೇ ಒಂದು ಕೋಣೆ ಹಿಡಿದರು. ಇಡೀ ಬಟ್ಟೆ ಹೊಲಿಯಬಲ್ಲವಳನ್ನು ಕರೆದರು. ನಮ್ಮ ಓಣಿಯ ಗಂಗಣ್ಣನ ಆಟೋದಲ್ಲಿ ಮಷೀನು ಮುಂದಾಗಿ ಬಸ್‌ಸ್ಟ್ಯಾಂಡಿಗೆ ಹೋಯಿತು. ದುರುಗಕ್ಕ ಬಾಡಿಗೆಮನೆಯ ಬೀಗ ಹಾಕಿ, ಕೀಲಿಯನ್ನು ಪಕ್ಕದ ಮನೆಗೆ ಕೊಟ್ಟು ಇಳಿದಳು. ಗಂಟಿನಲ್ಲಿ ಹಿಡಿಸದ ಕೋಟು ಮೈಮೇಲಿತ್ತು.

“ದುರುಗಕ್ಕಾ” ಎಂದು ಕರೆದೆ, ತಿರುಗುವುದಿಲ್ಲವೆಂದು ಬಲ್ಲೆನಾದರೂ.

“ಓ” ಎಂದು ತಿರುಗಿದಳು.

“ಯಾಕ, ವೇಷದಾಗ ಓಗೊಡಬಾರದಲ್ಲ?”

ಆಕೆ ಕೊರಳಪಟ್ಟಿಯನ್ನು ಹೊರಕ್ಕೆ ಮಗುಚಿದಳು. ಅಲ್ಲಿ ಅಂಗೈಯಗಲದ ಒಂದು ಬಟ್ಟೆಯ ಲೇಬಲ್. ಉಷಾರಾಣಿ ಕೈಯಾರೆ ಕೆಂಪು ದಾರದಲ್ಲಿ ಹೊಲಿದ ದುಂಡನೆಯ ಕನ್ನಡ ಅಕ್ಷರ: ದುರುಗಮ್ಮ, ರಾಯದುರ್ಗ.

“ಈಗ ಈ ವೇಷದ ಹೆಸರೂ ಅದೇ ಐತ್ರಿ ಮಾಷ್ಟ್ರೆ.”

ನೆಟ್ಟಗೆ ನಡೆದಳು, ಓಣಿಯ ಮೂಲೆಯಲ್ಲಿ ಒಂದು ಕ್ಷಣ ನಿಂತು, ಸೂಜಿ ಊರಿ, ಗಕ್ಕನೆ ತಿರುಗಿದಳು.